ಹನ್ನೆರಡು ಮೊಳೆ

ಗಾಡಿಯಲ್ಲಿ ದೋಷ ಸಿಗದಿದ್ದರೆ ಮಧ್ಯಾಹ್ನ ಮೂರು ಗಂಟೆಗೆ ಸೊಸೆ ಕೀಲಿಯನ್ನು ಮ್ಯಾನೇಜರನ ಕೈಗೆ ಒಪ್ಪಿಸಬೇಕು, ನಾಳೆಯಿಂದ ಮತ್ತೆ ಬಟ್ಟೆ ಮಡಚುವ ಮೇಜಿನ ಮುಂದೆ ಹೋಗಿ ನಿಲ್ಲಬೇಕು. ಲಾಂಡ್ರಿಯ ಮ್ಯಾನೇಜರ್ ನಿನ್ನೆ ಸಂಜೆಯೇ ಇದನ್ನು ಖಡಾಖಂಡಿತ ಹೇಳಿ, ಗಾಡಿಯನ್ನು ಮೇಸ್ತ್ರಿಯ ಗ್ಯಾರೇಜಿಗೆ ಕಳಿಸಿಬಿಟ್ಟಿದ್ದ. ಗಾಡಿ ಹದಿನೇಳು ವರ್ಷದ ಡೀಸೆಲ್ ಪಿಕಪ್. ಮೇಸ್ತ್ರಿ ಬೇರೆ ಯಾರೂ ಅಲ್ಲ, ಅವಳ ಗಂಡನ ಅಪ್ಪ. ಈಗ ಬೆಳಿಗ್ಗೆ ಹನ್ನೊಂದು ಗಂಟೆ.

ಬಟ್ಟೆ ಮಡಚುವ ಮೇಜು ಎಂದರೇನು ಎಂಬುದು ಅವಳಿಗೆ ಚೆನ್ನಾಗಿ ಗೊತ್ತು. ಆಸ್ಪತ್ರೆಗಳ ಹಾಸಿಗೆ ಬಟ್ಟೆ ಒಗೆಯುವ ಆ ಲಾಂಡ್ರಿಯಲ್ಲಿ ಅವಳು ನಾಲ್ಕು ವರ್ಷ ನಿಂತೇ ಮಡಚಿದ್ದಳು. ಕಿಟಕಿಯಿಲ್ಲದ ಕೋಣೆ, ಉಗಿ, ಕೆಂಪಾದ ಬೆರಳು. ಎಂಟು ತಿಂಗಳ ಹಿಂದೆ ಹಳೆಯ ಡ್ರೈವರ್ ಹೇಳದೆ ಕೇಳದೆ ಬಿಟ್ಟುಹೋದಾಗ "ನಾನು ಓಡಿಸ್ತೀನಿ ಸಾರ್" ಎಂದವಳು ಅವಳೊಬ್ಬಳೇ. ಮೂಟೆ ಹೇರುವವರು ನಕ್ಕಿದ್ದರು. ಅದೇ ಲಾಂಡ್ರಿಯ ಬಾಯ್ಲರ್ ನೋಡಿಕೊಳ್ಳುವ ಅವಳ ಗಂಡ ಕೂಡ ಮೊದಲು ನಕ್ಕು, ಆಮೇಲೆ ಹೆಂಡತಿಯ ಮುಖ ನೋಡಿ ಬಾಯಿ ಮುಚ್ಚಿಕೊಂಡಿದ್ದ. ಈ ಎಂಟು ತಿಂಗಳಲ್ಲಿ ಅವಳು ಒಂದು ಕನ್ನಡಿಯನ್ನೂ ಗೀರಿರಲಿಲ್ಲ.

ನಿನ್ನೆ ಎಲ್ಲ ಕೆಟ್ಟಿತು. ಹೆದ್ದಾರಿ ದಾಟುವ ಕೂಡುರಸ್ತೆಯಲ್ಲಿ ಬಸ್ಸು ದೂರದಲ್ಲಿದೆ ಎಂದು ನೋಡಿಯೇ ಅವಳು ಗಾಡಿ ಬಿಟ್ಟಳು. ನಡುರಸ್ತೆಯಲ್ಲಿ ಗಾಡಿ ಮುಂದೆ ಹೋಗಲೊಲ್ಲದು. ಬಸ್ಸಿನವನು ಬ್ರೇಕು ತುಳಿದು ಪಕ್ಕಕ್ಕೆ ತಿರುಗಿಸಿದ, ಆದರೂ ಬಸ್ಸಿನ ಮೂಲೆ ಪಿಕಪ್ಪಿನ ಹಿಂಬಾಗಿಲನ್ನು ಕಿತ್ತುಕೊಂಡು ಹೋಯಿತು. ಯಾರಿಗೂ ಏನೂ ಆಗಲಿಲ್ಲ. ಇಸ್ತ್ರಿ ಮಾಡಿದ ನಲವತ್ತು ಮೂಟೆ ಬಿಳಿ ಬಟ್ಟೆ ಹೆದ್ದಾರಿಯ ಮೇಲೆ ಹಾಸಿಕೊಂಡು ಬಿದ್ದಿತ್ತು.

"ಗಾಡಿ ಎಳೀಲಿಲ್ಲ" ಎಂದಳು ಅವಳು. "ಓಡಿಸೋಕೆ ಬರಲ್ಲ" ಎಂದ ಮ್ಯಾನೇಜರ್.

ಅವಳು ಹೀಗೆ ಹೇಳಿದ್ದು ನಿನ್ನೆ ಮೊದಲಲ್ಲ. ಮೂರು ವಾರದಿಂದ ಮಾವನ ಹತ್ತಿರ ಮೂರು ಸಲ ಹೇಳಿದ್ದಳು. ಮೊದಲ ಸಲ ಮೇಸ್ತ್ರಿ, "ನಿನ್ನ ಕಾಲು ಹಗುರ, ಸರಿಯಾಗಿ ಒತ್ತಮ್ಮ" ಎಂದರು. ಎರಡನೆಯ ಸಲ, "ಗೇರ್ ಬೇಗ ಬದಲಾಯಿಸ್ತೀಯ" ಎಂದರು. ಮೂರನೆಯ ಸಲ ಊಟದ ಹೊತ್ತಿನಲ್ಲಿ, "ಸರ್ವಿಸ್ ಆದ ಮೇಲೇ ಹೀಗಾಗಿದ್ದು ಮಾವ" ಎಂದಾಗ ಗಹಗಹಿಸಿ ನಕ್ಕು, "ಕುಣಿಯಲಾರದವಳು ನೆಲ ಡೊಂಕು ಅಂದಳಂತೆ" ಎಂದುಬಿಟ್ಟರು. ಮನೆಯವರೆಲ್ಲ ನಕ್ಕರು. ಅವಳು ತಟ್ಟೆ ಎತ್ತಿಕೊಂಡು ಎದ್ದುಹೋಗಿದ್ದಳು.

ಎಲ್ಲರೂ ನಕ್ಕಿದ್ದೇಕೆಂದರೆ ಆ ಸರ್ವಿಸ್ ಮಾಡಿದ್ದು ಮಾವನೇ, ಅಂದರೆ ಎಣಿಕೆ ಮೇಸ್ತ್ರಿ. ಅಪ್ಪ ಅಮ್ಮ ಇಟ್ಟ ಹೆಸರು ಅಂಚೆಯವನನ್ನು ಬಿಟ್ಟರೆ ಇನ್ನಾರಿಗೂ ನೆನಪಿರಲಿಲ್ಲ, ಎಲ್ಲರ ಬಾಯಲ್ಲೂ ಅವರು ಎಣಿಕೆ ಮೇಸ್ತ್ರಿಯೇ. ಬಾನೆಟ್ ಮುಚ್ಚುವ ಮೊದಲು ಸ್ಪ್ಯಾನರ್ ಎಣಿಸುವರು, ನಟ್ಟು ಎಣಿಸುವರು, ಕಡೆಗೆ ಗೋಡೆಯ ಕಡೆ ತಿರುಗಿ ಬಟ್ಟೆ ಎಣಿಸುವರು. ಗೋಡೆಯಲ್ಲಿ ಒಂದೇ ಸಾಲಿಗೆ ಹನ್ನೆರಡು ಮೊಳೆ. ಮೊಳೆಗೊಂದರಂತೆ ಹನ್ನೆರಡು ಒರೆಸುವ ಬಟ್ಟೆ, ಎಲ್ಲವೂ ಒಂದೇ ಹಳೆಯ ನೀಲಿಗೆರೆಯ ಹೊದಿಕೆಯಿಂದ ಕತ್ತರಿಸಿದವು. ಎಂಜಿನ್ ಬಿಚ್ಚಿದಾಗ ತೆರೆದ ಪೈಪಿನ ಬಾಯಿಗೆ ಬಟ್ಟೆ ತುರುಕುವುದು ಈ ಕಸುಬಿನ ಪದ್ಧತಿ, ಒಂದು ನಟ್ಟು ಒಳಗೆ ಬಿದ್ದರೂ ಎಂಜಿನ್ನಿನ ಕತೆ ಮುಗಿಯಿತು. ತುರುಕಿದ್ದನ್ನು ತೆಗೆಯಲು ಮರೆತರೂ ಗತಿ ಅದೇ. ಬೇರೆ ಗ್ಯಾರೇಜುಗಳಲ್ಲಿ ಮರೆತದ್ದುಂಟು. ಮೇಸ್ತ್ರಿ ಆ ಕತೆಗಳನ್ನು ಬಾಯಿ ಚಪ್ಪರಿಸಿಕೊಂಡು ಹೇಳುತ್ತಿದ್ದರು. ಲಾಂಡ್ರಿಯವರು ತಮ್ಮ ಆರೂ ಗಾಡಿಗಳನ್ನು ಈ ಚಿಕ್ಕ ಗ್ಯಾರೇಜಿಗೇ ಕಳಿಸುತ್ತಿದ್ದುದು ಆ ಎಣಿಕೆಯ ಮೇಲಿನ ನಂಬಿಕೆಯಿಂದ. ಅದರಿಂದಲೇ ಮನೆ ನಡೆಯುತ್ತಿತ್ತು ಎಂದರೂ ತಪ್ಪಲ್ಲ.

ಆದರೆ ನಿನ್ನೆ ಹಿಂಬಾಗಿಲಿಲ್ಲದ ಗಾಡಿ ಅಂಗಳಕ್ಕೆ ಬಂದು ನಿಂತಾಗ, ಸೊಸೆ ಸ್ಟೀರಿಂಗ್ ಬಿಟ್ಟು ಇಳಿಯದೆ ಕೂತಿದ್ದುದನ್ನು ಕಂಡಾಗ, ಮೇಸ್ತ್ರಿಗೆ ನಗು ಬರಲಿಲ್ಲ.

"ಪೆಡಲ್ ಒತ್ತು" ಎಂದರು ಈಗ, ಎಂಜಿನ್ನಿನ ಮೇಲೆ ಬಗ್ಗಿಕೊಂಡು. ಅವಳು ಒತ್ತಿದಳು. ಡೀಸೆಲ್ ಪಂಪಿನ ಮೇಲಿನ ಲಿವರ್ ಕೊನೆಯವರೆಗೂ ತಿರುಗಿತು. ಪೆಡಲಿನ ತಂತಿಯಲ್ಲಿ ದೋಷವಿಲ್ಲ.

ಹ್ಯಾಂಡ್‌ಬ್ರೇಕ್ ಎಳೆಸಿ, ಮೂರನೆಯ ಗೇರಿನಲ್ಲಿ ಕ್ಲಚ್ಚು ಬಿಡಿಸಿದರು. ಎಂಜಿನ್ ಗಕ್ಕನೆ ನಿಂತಿತು. ಕ್ಲಚ್ಚು ಜಾರುತ್ತಿಲ್ಲ. ಜಾಕಿ ಕೊಟ್ಟು ನಾಲ್ಕೂ ಚಕ್ರ ಕೈಯಲ್ಲಿ ತಿರುಗಿಸಿದರು. ಬ್ರೇಕು ಹಿಡಿದುಕೊಂಡಿಲ್ಲ. ಡೀಸೆಲ್ ಫಿಲ್ಟರ್ ಬಿಚ್ಚಿ ಗಾಜಿನ ಲೋಟಕ್ಕೆ ಸುರಿದು ಬೆಳಕಿಗೆ ಹಿಡಿದರು. ನೀರಿಲ್ಲ, ಕಸವಿಲ್ಲ. ಹೊಗೆಯ ದಾರಿ ಕಟ್ಟಿಕೊಂಡಿದೆಯೇನೋ ಎಂದು ಸೈಲೆನ್ಸರಿನ ಜಾಯಿಂಟ್ ಸಡಿಲಿಸಿ ರೇಸ್ ಮಾಡಿಸಿದಾಗ ಎದುರುಮನೆಯವರು ಕಿಟಕಿ ತೆರೆದು ಬೈದರು, ಎಂಜಿನ್ ಮಾತ್ರ ಮೊದಲಿನಂತೆಯೇ ಸೋಮಾರಿಯಾಗಿ ಏರಿತು. ಏರ್ ಫಿಲ್ಟರಿನ ಡಬ್ಬಿಯ ಮುಚ್ಚಳ ತೆಗೆದು ಒಂದು ಕ್ಷಣ ನೋಡಿ, "ಹೊಸ ಫಿಲ್ಟರು, ನಾನೇ ಹಾಕಿದ್ದು" ಎಂದು ಮತ್ತೆ ಮುಚ್ಚಿದರು. ಗಂಟೆ ಒಂದು ದಾಟಿತ್ತು.

ಪ್ರತಿ ಸಲ "ಇದು ಸರಿ ಇದೆ" ಎಂದಾಗಲೂ ಸೊಸೆಯ ಮುಖ ಇನ್ನಷ್ಟು ಇಳಿಯುತ್ತಿತ್ತು. ಗಾಡಿ ಸರಿಯಿದೆ ಎಂದಷ್ಟೂ ತಪ್ಪು ಅವಳದಾಗುತ್ತಿತ್ತು.

"ಭಾರ ಹಾಕಿ ನೋಡೋಣ" ಎಂದರು ಮೇಸ್ತ್ರಿ.

ಪಕ್ಕದ ಕಟ್ಟಡದ ಕೆಲಸದವರಿಂದ ಇಪ್ಪತ್ತು ಮರಳು ಚೀಲ ಕೇಳಿ ಹೇರಿ, ಹಗ್ಗ ಬಿಗಿದು ಹೊರಟರು. ಅವಳು ಓಡಿಸಿದಳು, ಮೇಸ್ತ್ರಿ ಪಕ್ಕದಲ್ಲಿ ಕೂತರು. ಸೊಸೆ ಓಡಿಸುವ ಗಾಡಿಯಲ್ಲಿ ಅವರು ಕೂತದ್ದು ಅದೇ ಮೊದಲು. ಸಮತಟ್ಟು ರಸ್ತೆಯಲ್ಲಿ ಗಾಡಿ ಚೆನ್ನಾಗಿಯೇ ಹೋಯಿತು. ಅವರು ಬಾಯಿಬಿಟ್ಟು ಹೇಳಲಿಲ್ಲ, ಆದರೆ ಮನಸ್ಸಿನಲ್ಲಿ 'ನೋಡು, ನಾನು ಹೇಳಲಿಲ್ಲವೆ' ಎಂದುಕೊಂಡರು. ಮನುಷ್ಯನ ಬುದ್ಧಿ ಎಂದರೆ ಹಾಗೆಯೇ, ಸೊಸೆಯ ಗಾಡಿ ಕೈತಪ್ಪುತ್ತಿದ್ದರೂ ತನ್ನ ಮಾತು ಗೆದ್ದಿತಲ್ಲ ಎಂದು ಒಳಗೊಳಗೇ ಹಿಗ್ಗುತ್ತದೆ.

ಮೇಲ್ಸೇತುವೆಯ ಏರು ಬಂತು.

ಮೊದಲ ಐವತ್ತು ಅಡಿ ಹತ್ತಿತು. ಆಮೇಲೆ ಯಾರೋ ಹಿಂದಿನಿಂದ ಹಿಡಿದೆಳೆದಂತೆ ಗಾಡಿ ಕುಗ್ಗತೊಡಗಿತು. ಮೂರನೆಯ ಗೇರು, ಎರಡನೆಯ ಗೇರು. ಎಂಜಿನ್ ಗೊರಗೊರ ಎನ್ನುತ್ತಿತ್ತೇ ಹೊರತು ಏರುತ್ತಿರಲಿಲ್ಲ. ಹಿಂದೆ ಜಲ್ಲಿ ತುಂಬಿದ ಟಿಪ್ಪರು. ಅದೂ ವೇಗ ಹಿಡಿದುಕೊಂಡೇ ಏರು ಹತ್ತಿತ್ತು, ಈಗ ಕಿವಿ ಹರಿಯುವಂತೆ ಹಾರ್ನ್ ಹೊಡೆಯುತ್ತಿತ್ತು. ಪಕ್ಕಕ್ಕೆ ಸರಿಯಲು ಜಾಗವಿಲ್ಲ, ಎಡಕ್ಕೆ ಸೇತುವೆಯ ಗೋಡೆ, ಬಲಕ್ಕೆ ಬಿಡುವಿಲ್ಲದ ಗಾಡಿಗಳ ಸಾಲು. ಕನ್ನಡಿಯ ತುಂಬ ಟಿಪ್ಪರಿನ ಮುಖ ದೊಡ್ಡದಾಗುತ್ತ ಬಂತು.

"ಒತ್ತಮ್ಮ, ಒತ್ತು!" ಎಂದು ಮೇಸ್ತ್ರಿ ಕಿರುಚಿದರು.

"ನೋಡಿ ಮಾವ, ಕೆಳಗೆ ನೋಡಿ!"

ಅವರು ನೋಡಿದರು. ಸೊಸೆ ಸೀಟಿನಿಂದ ಅರ್ಧ ಎದ್ದಿದ್ದಳು. ಪೆಡಲ್ ನೆಲಕ್ಕೆ ಅಂಟಿತ್ತು, ಅದರ ಮೇಲೆ ಅವಳ ಮೈಭಾರವೆಲ್ಲ ಇತ್ತು. ಹಗುರವಾದ ಕಾಲಲ್ಲ ಅದು.

ಟಿಪ್ಪರಿನವನು ಕೊನೆಯ ಗಳಿಗೆಯಲ್ಲಿ ಬ್ರೇಕು ಹಾಕಿದ. ಅದರ ಗಾಳಿ ಬ್ರೇಕಿನ ಉಸ್ ಎಂಬ ಸದ್ದು ಇವರ ಬೆನ್ನ ಹಿಂದೆಯೇ ಕೇಳಿತು. ಪಿಕಪ್ ಒಂದನೆಯ ಗೇರಿನಲ್ಲಿ ಹೊಗೆ ಕಾರುತ್ತ, ನಡೆದುಹೋಗುವವರಿಗಿಂತ ಸ್ವಲ್ಪವೇ ಜೋರಾಗಿ ಏರಿನ ನೆತ್ತಿ ಮುಟ್ಟಿತು. ಇಳಿಜಾರಿನಲ್ಲಿ ಟಿಪ್ಪರಿನವನು ಪಕ್ಕಕ್ಕೆ ಬಂದು, "ಹೆಸರಿಗೆ ಪಿಕಪ್ಪು, ಪಿಕಪ್ಪೇ ಇಲ್ಲ! ಗುಜರಿಗೆ ಹಾಕ್ರಿ ಅಜ್ಜ!" ಎಂದು ಕೂಗಿ ಮುಂದೆ ಹೋದ. ಇಬ್ಬರೂ ನಗಲಿಲ್ಲ.

ಮೇಸ್ತ್ರಿ ಕನ್ನಡಿಯಿಂದ ಕಣ್ಣು ತೆಗೆದು ಅವಳ ಕಾಲಿನ ಕಡೆ ನೋಡಿದರು. ಮೂರು ವಾರ ಈ ಹುಡುಗಿ ದಿನಕ್ಕೆ ನಾಲ್ಕು ಸಲ ಇದೇ ಏರನ್ನು ಹತ್ತಿದ್ದಾಳೆ, ಅದೇ ಕೂಡುರಸ್ತೆ ದಾಟಿದ್ದಾಳೆ. ಮನೆಗೆ ಬಂದು ಹೇಳಿದರೆ ತಾವು ಗಾದೆ ಹೇಳಿ ನಕ್ಕಿದ್ದಾರೆ. ಅವರಿಗೆ ನಾಚಿಕೆಯಾಯಿತು.

ಅಂಗಳಕ್ಕೆ ಬಂದು ನಿಲ್ಲಿಸಿದಾಗ ಎರಡು ಗಂಟೆ ಹತ್ತು ನಿಮಿಷ.

"ಹೊಗೆ ನೋಡಿದ್ರಾ ಮಾವ? ಕಪ್ಪು" ಎಂದಳು ಸೊಸೆ.

"ನೋಡಿದೆ. ಪಂಪು ಜಾಸ್ತಿ ಡೀಸೆಲ್ ಕೊಡ್ತಿರಬೇಕು. ಪಂಪು ಬಿಚ್ಚಬೇಕು."

"ನೀವೇ ಹೇಳ್ತಿದ್ರಿ, ಕಪ್ಪು ಹೊಗೆ ಅಂದ್ರೆ ಗಾಳಿ ಸಾಲದು ಅಂತ."

"ಗಾಳಿ ಕಡೆ ಎಲ್ಲ ನಾನೇ ಮಾಡಿದ್ದು. ಸರಿಯಾಗಿದೆ."

ಅವಳು ಹಗ್ಗ ಬಿಚ್ಚುತ್ತಿದ್ದವಳು ನಿಂತಳು. "ಬೆಳಿಗ್ಗೆಯಿಂದ ಗಾಡಿ ಪೂರ್ತಿ ನೋಡಿದ್ರಿ. ನಿಮ್ಮ ಕೈ ಹೋದ ಜಾಗ ಒಂದನ್ನ ಬಿಟ್ಟು."

ಅಂಥ ಮಾತನ್ನು ಆ ಗ್ಯಾರೇಜಿನಲ್ಲಿ ಇದುವರೆಗೆ ಯಾರೂ ಆಡಿರಲಿಲ್ಲ. ಮೇಸ್ತ್ರಿಗೆ ಸಿಟ್ಟು ನೆತ್ತಿಗೇರಿತು. ಅಷ್ಟರಲ್ಲಿ ಗ್ಯಾರೇಜಿನ ಹಿಂದಿರುವ ಮನೆಯ ಬಾಗಿಲಲ್ಲಿ ಅವರ ಹೆಂಡತಿ ಕಾಣಿಸಿಕೊಂಡು, "ಬೆಳಿಗ್ಗೆಯಿಂದ ಖಾಲಿ ಹೊಟ್ಟೇಲಿದ್ದೀಯಲ್ಲೇ, ಎರಡು ತುತ್ತು ತಿಂದು ಹೋಗು ಬಾ" ಎಂದು ಸೊಸೆಯನ್ನು ಕೈಹಿಡಿದು ಒಳಗೆ ಕರೆದೊಯ್ದಳು.

ಮೇಸ್ತ್ರಿ ಒಬ್ಬರೇ ಉಳಿದರು. ಮೊದಲು ಗೋಡೆ ನೋಡಿದರು. ಹನ್ನೆರಡು ಮೊಳೆ, ಒಂದೂ ಬರಿದಾಗಿಲ್ಲ. ಆಮೇಲೆ, ಅವಳ ಬಾಯಿ ಮುಚ್ಚಿಸಲಾದರೂ ನೋಡೋಣ ಎಂದು, ಫಿಲ್ಟರ್ ಡಬ್ಬಿಯಿಂದ ಎಂಜಿನ್ನಿಗೆ ಹೋಗುವ ದಪ್ಪ ರಬ್ಬರ್ ಹೋಸಿನ ಕ್ಲಿಪ್ ಸಡಿಲಿಸಿ ಎಳೆದರು. ಒಳಗೆ ಕತ್ತಲೆ. ಬೆರಳು ಹಾಕಿದರು. ಪೈಪು ಬಾಗುವ ಜಾಗದಲ್ಲಿ ಮೆತ್ತಗೆ ಏನೋ ತಾಗಿತು.

ಎರಡು ಬೆರಳಿನಲ್ಲಿ ಹಿಡಿದು ಎಳೆದಾಗ ಎಣ್ಣೆ ಕುಡಿದು ಕಪ್ಪಾದ ಬಟ್ಟೆಯೊಂದು ಹೊರಬಂತು. ಬಿಡಿಸಿದರೆ ಒಳಮಡಿಕೆಯಲ್ಲಿ ಇನ್ನೂ ನೀಲಿ ಗೆರೆ ಇತ್ತು.

ಎಂಜಿನ್ ನಿಧಾನಕ್ಕೆ ಉಸಿರಾಡುವಾಗ ಈ ಬಟ್ಟೆ ಮುದುರಿಕೊಂಡು ಪಕ್ಕದಲ್ಲಿರುತ್ತಿತ್ತು. ಜೋರಾಗಿ ಎಳೆದುಕೊಂಡಾಗ ಹರಡಿ ಪೈಪಿನ ಬಾಗಿಗೆ ಅಡ್ಡ ಕೂರುತ್ತಿತ್ತು. ಅವಳು ಒತ್ತಿದಷ್ಟೂ ಗಾಡಿಯ ಉಸಿರು ಕಟ್ಟುತ್ತಿತ್ತು. 'ಸರಿಯಾಗಿ ಒತ್ತಮ್ಮ' ಎಂದಿದ್ದರಲ್ಲ ಅವರು!

ಆದರೆ ಹನ್ನೆರಡೂ ಇವೆಯಲ್ಲ? ಗೋಡೆಯ ಹತ್ತಿರ ಹೋಗಿ ಒಂದೊಂದನ್ನೇ ಬಿಡಿಸಿ ನೋಡಿದರು. ಹತ್ತನೆಯ ಮೊಳೆಯಲ್ಲಿದ್ದುದು ಅರ್ಧ ಬಟ್ಟೆ, ಒಂದು ಅಂಚು ಹರಿದದ್ದು. ಕೈಯಲ್ಲಿದ್ದುದನ್ನು ಪಕ್ಕಕ್ಕಿಟ್ಟರೆ ಅಂಚಿಗೆ ಅಂಚು ಕೂಡಿತು. ಆಗ ನೆನಪಾಯಿತು. ಆ ದಿನ ಪೈಪಿನ ಬಾಯಿ ಕಿರಿದು, ಬಟ್ಟೆ ದಪ್ಪ. ತಾವೇ ಹರಿದು ಅರ್ಧ ತುರುಕಿದ್ದರು, ಇನ್ನರ್ಧಕ್ಕೆ ಕೈ ಒರೆಸಿ ಮೊಳೆಗೆ ಹಾಕಿದ್ದರು. ಸಂಜೆ ಎಣಿಸಿದಾಗ ಹನ್ನೆರಡು ಬಂದಿತ್ತು. ಇಷ್ಟು ವರ್ಷದಿಂದ ಎಣಿಸುತ್ತಿದ್ದುದು ಬಟ್ಟೆಯನ್ನಲ್ಲ, ಮೊಳೆಯನ್ನು. ದೀಪದ ಬುಡದಲ್ಲೇ ಕತ್ತಲೆ ಎನ್ನುವುದು ಸುಳ್ಳಲ್ಲ.

ಅಂಗಳದಲ್ಲಿ ಬೈಕು ನಿಂತ ಸದ್ದಾಯಿತು. ಮ್ಯಾನೇಜರ್ ಅರ್ಧ ಗಂಟೆ ಮುಂಚೆಯೇ ಬಂದಿದ್ದ. ಮೇಸ್ತ್ರಿಯ ಕೈ ಅವರನ್ನು ಕೇಳದೆಯೇ ಎರಡು ತುಂಡನ್ನೂ ಪ್ಯಾಂಟಿನ ಜೇಬಿಗೆ ತುರುಕಿತು. ಗಡಿಬಿಡಿಯಿಂದ ಹೋಸು ಜೋಡಿಸಿ ಕ್ಲಿಪ್ ಬಿಗಿದರು. ಗಾಡಿ ಈಗ ಓಡುತ್ತದೆ. ಓಡಿದರೆ ಸಾಕಲ್ಲ, ಹೆಚ್ಚಿನ ಮಾತೇಕೆ ಎಂದು ತಮಗೆ ತಾವೇ ಹೇಳಿಕೊಂಡರು.

"ಸಿಕ್ತಾ ಮೇಸ್ತ್ರಿಗಳೇ?"

"ಸಿಕ್ತು. ಹೋಸು ಸ್ವಲ್ಪ ಸಡಿಲ ಇತ್ತು. ಬಿಗಿ ಮಾಡಿದೀನಿ" ಎಂದರು ಮೇಸ್ತ್ರಿ. ಆಗ ತಾನೇ ಕೈತೊಳೆದು ಹೊರಬಂದ ಸೊಸೆ ಈ ಮಾತು ಕೇಳಿ ಅವರ ಮುಖ ನೋಡಿದಳು. ಅವರು ಸ್ಪ್ಯಾನರ್ ಒರೆಸುತ್ತ ನಿಂತರು.

ಮರಳು ಇಳಿಸದೆಯೇ ಮ್ಯಾನೇಜರ್ ಪಕ್ಕದಲ್ಲಿ ಕೂತ, ಅವಳು ಓಡಿಸಿದಳು. ಇಪ್ಪತ್ತು ನಿಮಿಷದಲ್ಲಿ ಹಿಂದಿರುಗಿದರು. ಅವಳ ಮುಖ ಅರಳಿತ್ತು. "ಮೂರನೇ ಗೇರಲ್ಲೇ ಏರು ಹತ್ತಿತು ಮಾವ!" ಎಂದು ಇಳಿಯುವ ಮೊದಲೇ ಕೂಗಿದಳು.

ಮ್ಯಾನೇಜರ್ ಇಳಿದು, ಡ್ಯಾಶ್‌ಬೋರ್ಡಿನಿಂದ ಒಂದು ಹಳದಿ ಕಾರ್ಡು ತೆಗೆದು ಬಾನೆಟ್ಟಿನ ಮೇಲಿಟ್ಟ. ಡ್ರೈವರ್ ದಿನಾ ಬೆಳಿಗ್ಗೆ ನೋಡಿ ಸಹಿ ಹಾಕಬೇಕಾದ ಕಾರ್ಡು ಅದು.

"ಇಲ್ಲಿ ಓದಮ್ಮ, ಐದನೇ ಸಾಲು."

"ಏರ್ ಫಿಲ್ಟರ್, ಹೋಸು, ಕ್ಲಿಪ್" ಎಂದು ಅವಳು ಓದಿದಳು.

"ಸಹಿ ಯಾರದು?"

"ನನ್ನದೇ ಸಾರ್. ಆದ್ರೆ ಕ್ಲಿಪ್ ದಿನಾ ಗಟ್ಟಿಯಾಗೇ ಇತ್ತು. ನಾನು ಮುಟ್ಟಿ ನೋಡ್ತಿದ್ದೆ."

"ಮೇಸ್ತ್ರಿಗಳು ಸಡಿಲ ಇತ್ತು ಅಂತಿದ್ದಾರೆ. ಎಣಿಕೆ ಮೇಸ್ತ್ರಿ ಮಾತು ನಂಬಲೋ, ನಿನ್ನ ಮಾತು ನಂಬಲೋ? ನೋಡದೇ ಸಹಿ ಹಾಕಿದೀಯ. ಕೀ ಕೊಡಮ್ಮ."

ಮೇಸ್ತ್ರಿ ಹೇಳಿದ ಸುಳ್ಳು ಸುತ್ತು ಹಾಕಿ ಬಂದು ಸೊಸೆಯ ಕುತ್ತಿಗೆಗೇ ಬಿತ್ತು. ಅವಳು ಮಾವನ ಕಡೆ ತಿರುಗಿದಳು. ಏನಾದರೂ ಹೇಳಿಯಾರು ಎಂದು ಕಾದಳು. ಜೇಬಿನ ಎಣ್ಣೆ ಬಟ್ಟೆ ಪ್ಯಾಂಟನ್ನು ನೆನೆಸಿ ಅವರ ತೊಡೆಗೆ ಅಂಟಿತ್ತು. ಆರು ಗಾಡಿ, ಇಷ್ಟು ವರ್ಷದ ಹೆಸರು, ಬೀದಿಯವರ ನಗು, ಎಲ್ಲವೂ ಒಟ್ಟಿಗೆ ಕಣ್ಣಮುಂದೆ ಬಂದವು. ಬಿಸಿ ತುಪ್ಪ, ನುಂಗುವಂತಿಲ್ಲ, ಉಗುಳುವಂತಿಲ್ಲ.

ಅವಳು ಕೀಲಿಯನ್ನು ಉಂಗುರದಿಂದ ಬಿಡಿಸತೊಡಗಿದಳು. ಅದೇ ಉಂಗುರದಲ್ಲಿ ಮನೆಯ ಕೀಲಿಯೂ ಇತ್ತು. ಉಂಗುರ ಬಿಗಿಯಾಗಿತ್ತು, ಬೇಗ ಬಿಡಿಸಲಾಗಲಿಲ್ಲ. ಕೊನೆಗೆ ಬಿಡಿಸಿ ಮ್ಯಾನೇಜರನ ಅಂಗೈ ಮೇಲಿಟ್ಟಳು.

"ತಡೀರಿ" ಎಂದರು ಮೇಸ್ತ್ರಿ.

ಜೇಬಿನಿಂದ ಎರಡೂ ತುಂಡು ತೆಗೆದು ಬಾನೆಟ್ಟಿನ ಮೇಲೆ ಹಾಸಿ ಅಂಚಿಗೆ ಅಂಚು ಕೂಡಿಸಿದರು. "ಹೋಸು ಸಡಿಲ ಇರಲಿಲ್ಲ. ಸುಳ್ಳು ಹೇಳಿದೆ. ಈ ಅರ್ಧ ಪೈಪಿನ ಒಳಗಿತ್ತು, ಈ ಅರ್ಧ ನನ್ನ ಮೊಳೆ ಮೇಲಿತ್ತು. ಸರ್ವಿಸ್ ದಿನ ನಾನೇ ತುರುಕಿ ಮರೆತಿದ್ದು. ಪೈಪಿನ ಬಾಗಿನಾಚೆ ಸೇರ್ಕೊಂಡಿತ್ತು, ಕ್ಲಿಪ್ ನೋಡೋರಿಗೆ ಕಾಣೋ ಹಾಗಿರಲಿಲ್ಲ. ಅವಳು ಮೂರು ಸಲ ಹೇಳಿದಳು. ನಾನು ಕೇಳಲಿಲ್ಲ."

ಮ್ಯಾನೇಜರ್ ಎರಡು ತುಂಡಿನ ಅಂಚನ್ನೂ ತಾನೇ ಕೂಡಿಸಿ ನೋಡಿದ. ಹೆದ್ದಾರಿಯಲ್ಲಿ ಬಿದ್ದಿದ್ದ ಬಿಳಿ ಬಟ್ಟೆ ಅವನ ಕಣ್ಣಮುಂದೆ ಬಂದಿರಬೇಕು. ಕೀಲಿಯನ್ನು ಸೊಸೆಗೆ ಕೊಟ್ಟ. "ನಾಲ್ಕು ಗಂಟೆ ಟ್ರಿಪ್ಪಿಗೆ ಬಾಮ್ಮ. ನನ್ನದೂ ತಪ್ಪಾಯ್ತು" ಎಂದ. ಮೇಸ್ತ್ರಿಗೆ, "ಮುಂದಿನ ವಾರದಿಂದ ನಮ್ಮ ಗಾಡಿಗಳಿಗೆ ಬೇರೆ ಜಾಗ ನೋಡ್ತೀನಿ. ಬೇಜಾರು ಮಾಡ್ಕೋಬೇಡಿ" ಎಂದು, ಎರಡೂ ತುಂಡನ್ನು ಪ್ಲಾಸ್ಟಿಕ್ ಚೀಲಕ್ಕೆ ಹಾಕಿಕೊಂಡು ಬೈಕ್ ಹತ್ತಿದ.

ಅಂಗಳದಲ್ಲಿ ಮಾವ, ಸೊಸೆ ಇಬ್ಬರೇ ಉಳಿದರು.

"ಎಷ್ಟು ಹೊತ್ತಿಂದ ಜೇಬಲ್ಲಿತ್ತು ಮಾವ?"

"ನೀನು ಒಳಗೆ ಊಟಕ್ಕೆ ಹೋದಾಗಿಂದ."

"ನಾನು ಕೀ ಬಿಡಿಸೋವಾಗಲೂ ಇತ್ತು."

"ಇತ್ತು" ಎಂದರು ಮೇಸ್ತ್ರಿ.

ಅವಳು ಗಾಡಿಯ ಕಡೆ ತಿರುಗಿದಳು. ಬಾನೆಟ್ ಎತ್ತಿ ನಿಲ್ಲಿಸಿದಳು. ಸ್ಪ್ಯಾನರ್ ತೆಗೆದುಕೊಂಡು ತಾನೇ ಹೋಸಿನ ಕ್ಲಿಪ್ ಬಿಚ್ಚಿದಳು. "ಟಾರ್ಚ್ ಹಿಡೀರಿ" ಎಂದಳು. ಮೇಸ್ತ್ರಿ ಹಿಡಿದರು. ಅವಳು ಪೈಪಿನೊಳಗೆ ಬೆರಳು ತೂರಿಸಿ ಬಾಗಿನವರೆಗೂ ತಡಕಾಡಿದಳು. "ಎಡಕ್ಕೆ ಹಿಡೀರಿ, ಕಾಣ್ತಿಲ್ಲ" ಎಂದಳು. ಅವರು ಎಡಕ್ಕೆ ಸರಿಸಿದರು. ಒಳಗೆ ಏನೂ ಇಲ್ಲ ಎಂದು ಖಾತ್ರಿಯಾದ ಮೇಲೆ ಹೋಸು ಜೋಡಿಸಿ, ಕ್ಲಿಪ್ ಬಿಗಿದು, ಎರಡು ಸಲ ಅಲ್ಲಾಡಿಸಿ ನೋಡಿದಳು.

"ಈಗ ಎಣಿಸಿ" ಎಂದಳು.

ಮೇಸ್ತ್ರಿ ಗೋಡೆಯ ಹತ್ತಿರ ಹೋದರು. ಈ ಸಲ ಮೊಳೆ ನೋಡಲಿಲ್ಲ. ಒಂದೊಂದು ಬಟ್ಟೆಯನ್ನೂ ಬಿಡಿಸಿ, ನಾಲ್ಕೂ ಅಂಚು ಮುಟ್ಟಿ, ಮತ್ತೆ ತೂಗುಹಾಕಿದರು.

"ಹನ್ನೊಂದು" ಎಂದರು.

ಸೊಸೆ ಗಾಡಿ ಹತ್ತಲಿಲ್ಲ. ಗೋಡೆಯ ಹತ್ತಿರ ಬಂದು, ಅವರನ್ನು ದಾಟಿ, ಮೊದಲ ಮೊಳೆಯಿಂದ ಶುರುಮಾಡಿ ತಾನೇ ಮತ್ತೊಮ್ಮೆ ಎಣಿಸಿದಳು.